ದೀಪಾವಳಿಗೆ ಮನೆಯ ನಾಯಿ, ಬೆಕ್ಕು ಕಾಪಾಡುವುದು ಹೇಗೆ: ಒಂದು ತಿಂಗಳ ಮುಂಚಿನಿಂದ ತುಳಸಿ ಪೂಜೆಯ ತನಕ

ಅಮಾವಾಸ್ಯೆಯ ರಾತ್ರಿ ಎಂಟು ದಾಟಿತೆಂದರೆ ನನ್ನ ಫೋನಿಗೆ ವರ್ಷವೂ ಅವೇ ಪ್ರಶ್ನೆಗಳು ಬರುತ್ತವೆ. ನಾಯಿ ಮಂಚದ ಕೆಳಗೆ ಹೊಕ್ಕು ನಡುಗುತ್ತಿದೆ, ಏನು ಕೊಡಲಿ? ಬೆಕ್ಕು ಸಂಜೆಯಿಂದ ಕಾಣುತ್ತಿಲ್ಲ, ಎಲ್ಲಿ ಹುಡುಕಲಿ? ಆ ಹೊತ್ತಿನಲ್ಲಿ ಹೇಳಲು ನನ್ನ ಹತ್ತಿರ ಹೆಚ್ಚೇನೂ ಇರುವುದಿಲ್ಲ. ಮಾಡಬೇಕಾದ ಕೆಲಸಗಳಲ್ಲಿ ಮುಕ್ಕಾಲು ಪಾಲಿಗೆ ಆಗಲೇ ಹೊತ್ತು ಮೀರಿರುತ್ತದೆ.

ನಾನು ಪಶುವೈದ್ಯೆಯಲ್ಲ. ಮನೆಯಲ್ಲಿ ನಾಯಿ, ಬೆಕ್ಕು ಸಾಕುತ್ತ, ಬಡಾವಣೆಯಲ್ಲಿ ಕಳೆದುಹೋದವನ್ನು ಹುಡುಕುತ್ತ, ಡಾಕ್ಟರ ಬಾಯಿಂದ ಕೇಳುತ್ತ ಕಲಿತದ್ದನ್ನು ಬರೆಯುತ್ತಿದ್ದೇನೆ. ಕೇಳುವವರೆಲ್ಲ ಪ್ರಾಣಿಯನ್ನು ಪ್ರೀತಿಸುವವರೇ. ಎಡವುವುದು ಕೆಲಸದ ಅನುಕ್ರಮದಲ್ಲಿ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಮೊದಲು ಇವನ್ನು ಹೊಂದಿಸಿಕೊಳ್ಳಿ

ಕೊರಳಿನ ಬೆಲ್ಟು, ಅದಕ್ಕೆ ನಿಮ್ಮ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ. ಎದೆಗೆ ಹಾಕುವ ಹಾರ್ನೆಸ್. ಎರಡು ಹಗ್ಗ. ಬೆಕ್ಕಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಒಯ್ಯುವ ಬುಟ್ಟಿ, ಮರಳಿನ ತಟ್ಟೆ. ಸದ್ದು ಹಾಕಲು ಒಂದು ಬ್ಲೂಟೂತ್ ಸ್ಪೀಕರ್. ಹಳೆಯ ದುಪ್ಪಟಿ, ಕಂಬಳಿ, ದಪ್ಪ ಪರದೆ. ನೀರಿನ ಬಕೆಟ್ ಎರಡು. ಪ್ರಾಣಿಯ ಇತ್ತೀಚಿನ ಫೋಟೋ ನಾಲ್ಕೈದು: ಒಂದು ಎದುರಿನಿಂದ, ಒಂದು ಪಕ್ಕದಿಂದ, ಮೈಮೇಲೆ ಗುರುತಿದ್ದರೆ ಅದು ಕಾಣುವಂತೆ ಒಂದು. ಇದಿಷ್ಟು ಸಾಕು. ‘ಪಟಾಕಿ ಭಯಕ್ಕೆ’ ಎಂದು ಮಾರುವ ದುಬಾರಿ ಸಾಮಾನು ಇಲ್ಲದಿದ್ದರೂ ಇವಿಷ್ಟರಲ್ಲೇ ಕೆಲಸ ಸಾಗುತ್ತದೆ.

ಹಂತ 1: ಒಂದು ತಿಂಗಳು ಮುಂಚೆ ಡಾಕ್ಟರ ಹತ್ತಿರ ಹೋಗಿ

ಕಳೆದ ವರ್ಷ ನಿಮ್ಮ ನಾಯಿ ಎರಡು ಗಂಟೆಗಿಂತ ಹೆಚ್ಚು ನಡುಗಿದ್ದರೆ, ಜೊಲ್ಲು ಸುರಿಸಿದ್ದರೆ, ಬಾಗಿಲು ಕೆರೆದು ಉಗುರು ಕಿತ್ತುಕೊಂಡಿದ್ದರೆ ಅದಕ್ಕೆ ಔಷಧಿ ಬೇಕಾಗಬಹುದು. ಅದನ್ನು ನಿರ್ಧರಿಸಬೇಕಾದವರು ಡಾಕ್ಟರು. ಹಬ್ಬದ ಹಿಂದಿನ ದಿನ ಓಡಿದರೆ ಅವರಿಗೂ ಕೈ ಕಟ್ಟಿದಂತಾಗುತ್ತದೆ. ರಕ್ತ ಪರೀಕ್ಷೆಗೆ ಸಮಯವಿರುವುದಿಲ್ಲ, ಹೃದಯ, ಲಿವರ್ ಹೇಗಿದೆ ಎಂದು ನೋಡಲಾಗುವುದಿಲ್ಲ.

ಡಾಕ್ಟರನ್ನು ಎರಡು ಮಾತು ಕೇಳಿ. ಒಂದು: ‘ಈ ಮಾತ್ರೆ ಭಯವನ್ನು ಇಳಿಸುತ್ತದೆಯೋ, ಬರೀ ಮಂಪರು ಬರಿಸುತ್ತದೆಯೋ?’ ಏಸಿಪ್ರೊಮಝಿನ್ ಎಂಬ ಹಳೆಯ ಮಾತ್ರೆಯೊಂದಿದೆ. ಅದನ್ನೊಂದೇ ಕೊಟ್ಟರೆ ನಾಯಿ ಕಾಲು ಸೋತು ಮಲಗುತ್ತದೆ, ಭಯ ಮಾತ್ರ ಒಳಗೆ ಹಾಗೆಯೇ ಇರುತ್ತದೆ. ಕಂಡವರು ‘ಹಾಯಾಗಿ ಮಲಗಿತು’ ಎನ್ನುತ್ತಾರೆ. ಓಡಲಾಗದೆ, ಬಚ್ಚಿಟ್ಟುಕೊಳ್ಳಲಾಗದೆ, ಎಲ್ಲ ಸದ್ದನ್ನೂ ಕೇಳುತ್ತ ಬಿದ್ದಿರುವ ಪ್ರಾಣಿ ಅದು. ಈಗ ಇದಕ್ಕಿಂತ ಒಳ್ಳೆಯ ಔಷಧಿಗಳಿವೆ. ಎರಡು: ‘ಹಬ್ಬಕ್ಕೆ ಮುಂಚೆ ಒಂದು ದಿನ ಕೊಟ್ಟು ನೋಡಲೇ?’ ಕೊಟ್ಟು ನೋಡಲೇಬೇಕು. ಕೆಲವು ನಾಯಿಗಳಿಗೆ ಅದೇ ಮಾತ್ರೆ ಉಲ್ಟಾ ಹೊಡೆದು ಚಡಪಡಿಕೆ ಹೆಚ್ಚುತ್ತದೆ. ಅದು ತಿಳಿಯಬೇಕಾದದ್ದು ಶಾಂತವಾದ ಭಾನುವಾರದ ಮಧ್ಯಾಹ್ನ.

ಮನುಷ್ಯರ ನಿದ್ದೆ ಮಾತ್ರೆ, ನೆಗಡಿ ಸಿರಪ್, ಪ್ಯಾರಸಿಟಮಾಲ್, ಪಕ್ಕದ ಮನೆಯ ನಾಯಿಗೆ ಬರೆದ ಮಾತ್ರೆ ಯಾವುದೂ ಬೇಡ. ಬೆಕ್ಕಿಗೆ ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಪ್ರಾಣ ತೆಗೆಯಲು ಸಾಕು.

ಇದೇ ಭೇಟಿಯಲ್ಲಿ ರೇಬೀಸ್ ಲಸಿಕೆಯ ದಿನಾಂಕ ನೋಡಿಸಿ. ಹೆದರಿದ ನಾಯಿ ಮನೆಯವರನ್ನೇ ಕಚ್ಚುವುದುಂಟು, ಹಬ್ಬಕ್ಕೆ ಬಂದ ಮಕ್ಕಳನ್ನೂ ಕಚ್ಚುವುದುಂಟು. ಮೈಕ್ರೋಚಿಪ್ ಹಾಕಿಸುವುದಿದ್ದರೆ ಈಗಲೇ ಹಾಕಿಸಿ. ಒಂದು ಮಾತು ನೆನಪಿರಲಿ, ಚಿಪ್ ಜಿಪಿಎಸ್ ಅಲ್ಲ. ನಾಯಿ ಎಲ್ಲಿದೆ ಎಂದು ಅದು ಫೋನಿನಲ್ಲಿ ತೋರಿಸುವುದಿಲ್ಲ. ಸಿಕ್ಕವರು ಆಸ್ಪತ್ರೆಗೆ ಒಯ್ದು ಸ್ಕ್ಯಾನ್ ಮಾಡಿಸಿದಾಗ 15 ಅಂಕಿಯ ಸಂಖ್ಯೆ ಬರುತ್ತದೆ, ಅಷ್ಟೆ. ಆ ಸಂಖ್ಯೆಯ ಜೊತೆ ನಿಮ್ಮ ಈಗಿನ ಫೋನ್ ನಂಬರ್ ನೋಂದಣಿಯಾಗಿದ್ದರೆ ಮಾತ್ರ ಉಪಯೋಗ.

ಹಂತ 2: ಮೂರು ವಾರ ಮುಂಚೆ ಸದ್ದಿನ ಅಭ್ಯಾಸ ಶುರು ಮಾಡಿ

ನಮ್ಮ ಕಿವಿ ಸುಮಾರು 20,000 ಹರ್ಟ್ಸ್ ತನಕ ಕೇಳುತ್ತದೆ. ನಾಯಿಯದು ಸುಮಾರು 45,000, ಬೆಕ್ಕಿನದು 60,000ಕ್ಕೂ ಮೇಲೆ. ಇದರ ಮೇಲೆ, ಸದ್ದು ಯಾಕೆ ಬರುತ್ತಿದೆ ಎಂಬುದೇ ಅವಕ್ಕೆ ಗೊತ್ತಿಲ್ಲ.

ಪಟಾಕಿಯ ಸದ್ದಿನ ರೆಕಾರ್ಡಿಂಗ್ ಸುಲಭವಾಗಿ ಸಿಗುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ‘ಢಂ’ ಎಂಬುದರ ತಳದ ಗುಡುಗು ಬರುವುದೇ ಇಲ್ಲ, ಹಾಗಾಗಿ ಬ್ಲೂಟೂತ್ ಸ್ಪೀಕರ್ ಬಳಸಿ. ಮೊದಲ ದಿನ ನಿಮಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಹಾಕಿ. ಸದ್ದು ಬಂದ ಕೂಡಲೇ ನಾಯಿಗೆ ಅದಕ್ಕೆ ತೀರಾ ಇಷ್ಟವಾದ ತುಣುಕೊಂದು, ಅಂದರೆ ಬೇಯಿಸಿದ ಕೋಳಿ, ಪನೀರ್ ಅಂಥದ್ದು. ಸದ್ದು ಮೊದಲು, ತಿನಿಸು ಆಮೇಲೆ. ಉಲ್ಟಾ ಆದರೆ ತಿನಿಸು ಕಂಡರೇ ಹೆದರುವುದನ್ನು ನಾಯಿ ಕಲಿಯುತ್ತದೆ. ದಿನಕ್ಕೆ ಐದರಿಂದ ಹತ್ತು ನಿಮಿಷ ಸಾಕು.

ಸದ್ದು ಕೇಳಿ ನಾಯಿ ನಿಮ್ಮ ಕೈಯತ್ತ ನೋಡಿತೇ? ನಾಳೆ ಒಂದು ಕಡ್ಡಿ ಏರಿಸಿ. ತಿನ್ನುವುದನ್ನು ಬಿಟ್ಟು ಕಿವಿ ಹಿಂದಕ್ಕೆ ಒತ್ತಿತೇ, ಹಸಿವಿಲ್ಲದೆ ತುಟಿ ನೆಕ್ಕಿತೇ, ನಿದ್ದೆಯಿಲ್ಲದೆ ಆಕಳಿಸಿತೇ, ಎದ್ದು ಬೇರೆ ಕೋಣೆಗೆ ಹೋಯಿತೇ? ಎರಡು ಕಡ್ಡಿ ಇಳಿಸಿ. ‘ಅಭ್ಯಾಸವಾಗಲಿ’ ಎಂದು ಜೋರಾಗಿ ಹಾಕುವವರು, ನಿಜವಾದ ಪಟಾಕಿಯ ಹತ್ತಿರವೇ ಕಟ್ಟಿಹಾಕುವವರು ಇದ್ದಾರೆ. ಅದರಿಂದ ಭಯ ಎಂದೂ ಹೋಗದ ಹಾಗೆ ಕೂರುತ್ತದೆ.

ಮೂರು ವಾರದಲ್ಲಿ ಹಳೆಯ ಭಯ ಪೂರ್ತಿ ಹೋಗುವುದಿಲ್ಲ, ಅದಕ್ಕೆ ತಿಂಗಳುಗಳು ಬೇಕು. ಆದರೆ ಇದೇ ಮೊದಲ ದೀಪಾವಳಿ ಕಾಣುತ್ತಿರುವ ಮರಿಗೆ ಈ ಮೂರು ವಾರ ಬಹು ದೊಡ್ಡದು. ಮರಿ ಇರುವ ಮನೆಯವರು ಈ ಹಂತ ಬಿಡಲೇಬೇಡಿ.

ಹಂತ 3: ಹತ್ತು ದಿನ ಮುಂಚೆ ಬೆಲ್ಟು ಪರೀಕ್ಷೆ

ನಮ್ಮ ಕೆಂಚ ಕಳೆದುಹೋದದ್ದು ನರಕ ಚತುರ್ದಶಿಯ ಸಂಜೆ. ವಾಕಿಂಗ್ ಮುಗಿಸಿ ಗೇಟಿನ ಹತ್ತಿರ ಬಂದಿದ್ದೆ. ಎದುರು ಮನೆಯ ಮಹಡಿಯ ಮೇಲೆ ಒಂದು ಸರ ಸಿಡಿಯಿತು. ಅವನು ಮುಂದಕ್ಕೆ ಎಳೆಯಲಿಲ್ಲ. ನಾಲ್ಕೂ ಕಾಲು ಊರಿ, ತಲೆ ತಗ್ಗಿಸಿ, ಹಿಂದಕ್ಕೆ ಜಗ್ಗಿದ. ಬೆಲ್ಟು ಕಿವಿಯ ಮೇಲಿಂದ ಜಾರಿ ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು. ಅದರ ಬಿಲ್ಲೆ ಗೇಟಿಗೆ ತಾಗಿ ಕಿಣಿಕಿಣಿ ಎಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಫೋನ್ ನಂಬರ್ ಇದ್ದದ್ದು ಆ ಬಿಲ್ಲೆಯ ಮೇಲೆ ಮಾತ್ರ. ಮರುದಿನ ನಸುಕಿನಲ್ಲಿ ಎರಡು ಬೀದಿಯಾಚೆ ಮೋರಿಯ ಚಪ್ಪಡಿಯ ಕೆಳಗೆ ಸಿಕ್ಕ. ಪಾದದ ಚರ್ಮ ಸುಲಿದಿತ್ತು.

ಅಂದಿನಿಂದ ನಾನು ಈ ಪರೀಕ್ಷೆ ಮಾಡುತ್ತೇನೆ, ನೀವೂ ಮಾಡಿ. ಮನೆಯೊಳಗೆ ಬೆಲ್ಟು ಹಾಕಿ, ಹಗ್ಗ ಹಿಡಿದು ನಾಯಿಯ ಮುಖದ ಎದುರು ನಿಂತು ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ. ಬೆಲ್ಟು ಕಿವಿಯ ತನಕ ಜಾರಿದರೆ ಒಂದು ತೂತು ಬಿಗಿ ಮಾಡಿ. ಕೊರಳಿಗೂ ಬೆಲ್ಟಿಗೂ ನಡುವೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಹಬ್ಬದ ದಿನಗಳಲ್ಲಿ ಹೊರಗೆ ಕರೆದೊಯ್ಯುವಾಗ ಬೆಲ್ಟಿಗೊಂದು, ಹಾರ್ನೆಸ್ಸಿಗೊಂದು, ಹೀಗೆ ಎರಡು ಹಗ್ಗ. ಒಂದು ಕಳಚಿದರೂ ಇನ್ನೊಂದು ಕೈಯಲ್ಲಿರುತ್ತದೆ. ಹಾರ್ನೆಸ್ ಹೊಸದಾದರೆ ಈ ಹತ್ತು ದಿನದಲ್ಲೇ ಅಭ್ಯಾಸ ಮಾಡಿಸಿ. ಸ್ಪ್ರಿಂಗಿನಂತೆ ಉದ್ದಕ್ಕೆ ಬಿಚ್ಚಿಕೊಳ್ಳುವ ಹಗ್ಗವನ್ನು ಈ ವಾರ ಮುಟ್ಟಲೇಬೇಡಿ.

ಬೆಕ್ಕಿಗೆ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕೊಕ್ಕೆಯ ಬೆಲ್ಟು ಹಾಕಿ, ಇಲ್ಲದಿದ್ದರೆ ಕೊಂಬೆಗೋ ಕಿಟಕಿಗೋ ಸಿಕ್ಕಿ ಕುತ್ತಿಗೆ ಬಿಗಿಯುತ್ತದೆ. ಒಯ್ಯುವ ಬುಟ್ಟಿಯನ್ನು ಈಗಲೇ ಅಟ್ಟದಿಂದ ಇಳಿಸಿ, ಬಾಗಿಲು ತೆರೆದು, ಒಳಗೊಂದು ಹಳೆಯ ಟವೆಲ್ ಹಾಸಿ ಮೂಲೆಯಲ್ಲಿಡಿ. ಹತ್ತು ದಿನದಲ್ಲಿ ಅದು ಬೆಕ್ಕಿನ ಮಲಗುವ ಜಾಗವಾಗಿರುತ್ತದೆ.

ಹಂತ 4: ಒಂದು ವಾರ ಮುಂಚೆ ಅಡಗುವ ಜಾಗ ಕಟ್ಟಿ

ಜಾಗವನ್ನು ನೀವು ಆರಿಸಬೇಡಿ, ಪ್ರಾಣಿ ಎಲ್ಲಿ ಹೋಗಿ ಕೂರುತ್ತದೆ ನೋಡಿ. ಹೆಚ್ಚಿನ ನಾಯಿಗಳು ಬಚ್ಚಲು, ಮಂಚದ ಕೆಳಗು, ಮೆಟ್ಟಿಲಡಿ ಹುಡುಕುತ್ತವೆ. ಬೆಕ್ಕುಗಳಿಗೆ ಬೀರುವಿನ ಮೇಲು, ಅಟ್ಟ, ಬಟ್ಟೆಯ ಕಪಾಟು. ರಸ್ತೆಯ ಕಡೆ ಕಿಟಕಿ ಇಲ್ಲದ ಒಳಕೋಣೆಯಾದರೆ ಒಳ್ಳೆಯದು. ಕಿಟಕಿ ಇದ್ದರೆ ದಪ್ಪ ಪರದೆ, ಅದರ ಮೇಲೊಂದು ಕಂಬಳಿ. ಕೋಣೆಯ ದೀಪ ಉರಿಯುತ್ತಲೇ ಇರಲಿ, ಆಗ ಹೊರಗಿನ ಮಿಂಚು ಅಷ್ಟಾಗಿ ಕಾಣದು. ಫ್ಯಾನು ಜೋರಾಗಿ ತಿರುಗಲಿ, ಟಿವಿಯೋ ರೇಡಿಯೋವೋ ನಡೆಯುತ್ತಿರಲಿ.

ಒಂದು ವಾರ ಮುಂಚೆಯೇ ದಿನವೂ ಅಲ್ಲಿ ಊಟ ಹಾಕಿ, ಒಂದಷ್ಟು ಹೊತ್ತು ಜೊತೆಗೆ ಕುಳಿತುಕೊಳ್ಳಿ. ಹಬ್ಬದ ರಾತ್ರಿ ಮೊದಲ ಬಾರಿಗೆ ಒಂದು ಕೋಣೆಗೆ ತಳ್ಳಿ ಚಿಲಕ ಹಾಕಿದರೆ ಆ ಕೋಣೆಯೇ ಭಯದ ಕೋಣೆಯಾಗುತ್ತದೆ. ನೀರಿನ ಬಟ್ಟಲು ಭಾರದ್ದಿರಲಿ. ಅಗರಬತ್ತಿ, ಸಾಂಬ್ರಾಣಿ ಹೊಗೆ ಆ ಕೋಣೆಯಲ್ಲಿ ಬೇಡ. ಬೆಕ್ಕಿನ ಮರಳಿನ ತಟ್ಟೆಯನ್ನು ಊಟದಿಂದ ದೂರದ ಮೂಲೆಗಿಡಿ.

ಟೆರೇಸಿನಲ್ಲಿ, ಬಾಲ್ಕನಿಯಲ್ಲಿ, ಗೇಟಿನ ಬಳಿ ಚೈನು ಹಾಕಿ ಕಟ್ಟುವುದು ಎಲ್ಲಕ್ಕಿಂತ ಅಪಾಯದ್ದು. ಬೆದರಿದ ನಾಯಿ ತಡೆಗೋಡೆ ಹಾರುತ್ತದೆ. ಚೈನು ಗಿಡ್ಡವಾದರೆ ಗೋಡೆಯಾಚೆ ನೇತಾಡಿ ಉಸಿರು ನಿಲ್ಲುತ್ತದೆ. ಇದನ್ನು ದಯವಿಟ್ಟು ಮಾಡಬೇಡಿ.

ಹಂತ 5: ಹಬ್ಬದ ಹಿಂದಿನ ದಿನ ಅಡುಗೆಮನೆ, ದೇವರಮನೆ, ಹಜಾರ ನೋಡಿ

ನಾಯಿಯ ಎತ್ತರಕ್ಕೆ ಬಗ್ಗಿ ಮನೆಯೊಳಗೆ ಒಂದು ಸುತ್ತು ಬನ್ನಿ. ನಿಂತಾಗ ಕಾಣದ್ದು ಕಾಣುತ್ತದೆ.

ಮೊದಲನೆಯದು ಒಣದ್ರಾಕ್ಷಿ. ಕೇಸರಿಬಾತು, ಪಾಯಸ, ಲಡ್ಡು, ಡ್ರೈಫ್ರೂಟ್ಸ್ ಡಬ್ಬಿ, ಎಲ್ಲದರಲ್ಲೂ ಇದೆ. ಕೆಲವು ನಾಯಿಗಳಿಗೆ ಸ್ವಲ್ಪವೇ ಸಾಕು, ಮೂತ್ರಪಿಂಡ ಕೈಕೊಡುತ್ತದೆ. ಎಷ್ಟು ತಿಂದರೆ ಅಪಾಯ ಎಂಬ ಲೆಕ್ಕ ನಂಬುವಂತಿಲ್ಲ, ಒಂದು ನಾಯಿಗೆ ಏನೂ ಆಗದ ಪ್ರಮಾಣ ಇನ್ನೊಂದನ್ನು ಕೊಲ್ಲುತ್ತದೆ. ವಾಂತಿ ಅದೇ ದಿನ ಕಾಣಬಹುದು, ಮೂತ್ರ ಕಡಿಮೆಯಾಗುವುದು ಒಂದೆರಡು ದಿನ ಕಳೆದ ಮೇಲೆ. ಆದ್ದರಿಂದ ತಿಂದದ್ದು ಕಂಡ ಕೂಡಲೇ ಹೊರಡಬೇಕು, ಲಕ್ಷಣ ಬರಲಿ ಎಂದು ಕಾಯಬಾರದು.

ಚಾಕೊಲೇಟಿನ ಲೆಕ್ಕ ಹೀಗಿದೆ. ಅದರೊಳಗಿನ ಥಿಯೋಬ್ರೋಮಿನ್ ನಾಯಿಯ ಮೈಯಿಂದ ಬೇಗ ಇಳಿಯುವುದಿಲ್ಲ. 10 ಕೆಜಿ ತೂಕದ ನಾಯಿ 100 ಗ್ರಾಂ ಹಾಲಿನ ಚಾಕೊಲೇಟ್ ತಿಂದರೆ ವಾಂತಿ, ಭೇದಿ, ಚಡಪಡಿಕೆ ಕಾಣಬಹುದು. ಅಷ್ಟೇ ತೂಕದ ಕಪ್ಪು ಚಾಕೊಲೇಟ್ ತಿಂದರೆ ಹೃದಯದ ಬಡಿತವೇ ತಪ್ಪಬಹುದು. ಹೊದಿಕೆ ಕಾಗದವನ್ನು ಎಸೆಯದೆ ಡಾಕ್ಟರ ಹತ್ತಿರ ಒಯ್ಯಿರಿ. ‘ಶುಗರ್ ಫ್ರೀ’ ಎಂದು ಬರೆದ ಮಿಠಾಯಿ, ಚ್ಯೂಯಿಂಗ್ ಗಮ್‌ನಲ್ಲಿ ಝೈಲಿಟಾಲ್ ಇದ್ದರೆ ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲೇ ಕುಸಿಯಬಹುದು. ಡಯಾಬಿಟಿಸ್ ಇರುವ ಹಿರಿಯರಿಗೆಂದು ತಂದ ಡಬ್ಬಿಯನ್ನು ಬೇರೆಯಾಗಿ ಎತ್ತಿಡಿ.

ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯ, ಪಕೋಡ ನಾಯಿ, ಬೆಕ್ಕುಗಳ ರಕ್ತ ಒಡೆಯುತ್ತವೆ. ಲಕ್ಷಣ ಕಾಣುವುದು ಕೆಲವು ದಿನಗಳ ಮೇಲೆ. ತುಪ್ಪ ಸುರಿದ ಹೋಳಿಗೆ, ಕಜ್ಜಾಯ, ಕರಿದ ಎಣ್ಣೆ ಚೆಲ್ಲಿದ ಜಾಗ ನೆಕ್ಕಿದ ನಾಯಿ ಮರುದಿನ ಮುಂಗಾಲು ಚಾಚಿ, ಹಿಂಭಾಗ ಎತ್ತಿ, ನಮಸ್ಕಾರ ಮಾಡುವಂತೆ ನಿಂತು ವಾಂತಿ ಮಾಡುತ್ತಿದ್ದರೆ ಮೇದೋಜೀರಕದ ಉರಿಯೂತವಿರಬಹುದು. ಬೇಯಿಸಿದ ಮೂಳೆ ಕೊಡಬೇಡಿ, ಸೀಳಿಕೊಂಡು ಕರುಳು ಚುಚ್ಚುತ್ತದೆ. ಹಬ್ಬಕ್ಕೆ ಅವಕ್ಕೂ ಏನಾದರೂ ಕೊಡಬೇಕು ಎನಿಸುತ್ತದೆ, ನನಗೂ ಹಾಗೇ. ನಾನು ಉಪ್ಪಿಲ್ಲದೆ ಬೇಯಿಸಿದ ಕುಂಬಳಕಾಯಿ, ಕೋಳಿ, ಸ್ವಲ್ಪ ಅನ್ನ ಮಾಡಿಡುತ್ತೇನೆ. ಬಂದ ನೆಂಟರು ‘ಒಂದು ತುಂಡು ಕೊಡಲಾ?’ ಎಂದರೆ ಆ ಡಬ್ಬಿಯನ್ನೇ ಅವರ ಕೈಗೆ ಕೊಡುತ್ತೇನೆ.

ದೇವರಮನೆಯಲ್ಲಿ ನೋಡಬೇಕಾದವು ಕರ್ಪೂರ, ಬತ್ತಿ, ದಾರ, ಹೂವು. ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು. ಹಬ್ಬದ ಸೀರೆ ತೆಗೆಯುವಾಗ ಉರುಳಿಬೀಳುವ ನುಸಿ ಗುಳಿಗೆಯೂ ವಿಷ. ತುಪ್ಪದ ಬತ್ತಿಯನ್ನು ಬೆಕ್ಕು ನೆಕ್ಕುತ್ತ ನೆಕ್ಕುತ್ತ ನುಂಗಿಬಿಡುತ್ತದೆ. ಕಲಶಕ್ಕೆ ಸುತ್ತಿದ ದಾರ, ಉಡುಗೊರೆಯ ರಿಬ್ಬನ್ ಕರುಳಿನಲ್ಲಿ ಸಿಕ್ಕಿ ಕರುಳನ್ನೇ ನೆರಿಗೆಯಂತೆ ಸೇರಿಸಿಬಿಡುತ್ತದೆ. ಬಾಯಲ್ಲೋ ಹಿಂಬದಿಯಲ್ಲೋ ದಾರದ ತುದಿ ಕಂಡರೆ ಎಳೆಯಬೇಡಿ, ಕತ್ತರಿಸಲೂ ಬೇಡಿ, ಹಾಗೆಯೇ ಡಾಕ್ಟರ ಹತ್ತಿರ ಒಯ್ಯಿರಿ.

ಹೂವುಗಳಲ್ಲಿ ಕಣಗಿಲೆ ಎಲ್ಲ ಪ್ರಾಣಿಗಳಿಗೂ ವಿಷ. ಎಲೆ, ಹೂ, ಕಡ್ಡಿ ಎಲ್ಲವೂ ಹೃದಯಕ್ಕೆ ಹೊಡೆಯುತ್ತವೆ. ಪೂಜೆ ಮುಗಿದ ನಿರ್ಮಾಲ್ಯವನ್ನು ಗಿಡದ ಬುಡಕ್ಕೆ ಹಾಕುವ ಮೊದಲು ಕಣಗಿಲೆ ಆರಿಸಿ ತೆಗೆಯಿರಿ. ಬೆಕ್ಕಿರುವ ಮನೆಗೆ ಲಿಲ್ಲಿ ಹೂವಿನ ಬೊಕೆ ಬಂದರೆ ಒಳಗೆ ತರುವುದೇ ಬೇಡ. ಮೈಗಂಟಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಬೆಕ್ಕಿನ ಮೂತ್ರಪಿಂಡ ಹೋಗುತ್ತದೆ.

ಹಣತೆಗಳನ್ನು ಬಾಲ ಬೀಸಿದರೆ ತಾಗದ ಎತ್ತರಕ್ಕಿಡಿ. ನೆಲದ ಸಾಲು ಬೇಕೇಬೇಕು ಎಂದರೆ ಪ್ರಾಣಿ ಒಳಕೋಣೆಗೆ ಹೋದ ಮೇಲೆ ಹಚ್ಚಿ. ಸೀರಿಯಲ್ ಸೆಟ್ಟಿನ ವೈರನ್ನು ಮರಿಗಳು ಕಡಿಯುತ್ತವೆ. ಶಾಕ್ ಹೊಡೆದಿದ್ದರೆ ಮೊದಲು ಸ್ವಿಚ್ ಆರಿಸಿ, ಆಮೇಲೆ ಮುಟ್ಟಿ. ಎದ್ದು ಓಡಾಡಿದರೂ ಡಾಕ್ಟರಿಗೆ ತೋರಿಸಿ, ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ನಂತರ.

ಹಂತ 6: ಲಕ್ಷ್ಮೀಪೂಜೆಯ ಬಾಗಿಲು

ಈ ಹಂತ ಬೇರೆ ದೇಶಗಳ ಮಾರ್ಗದರ್ಶಿಗಳಲ್ಲಿ ಇರುವುದಿಲ್ಲ. ನಮ್ಮಲ್ಲಿ ಕಳೆದುಹೋಗುವ ಪ್ರಾಣಿಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹೋಗುವುದನ್ನು ನಾನು ಕಂಡಿದ್ದೇನೆ. ಅಮಾವಾಸ್ಯೆಯ ಸಂಜೆ ಲಕ್ಷ್ಮಿ ಬರಲಿ ಎಂದು ಮುಂಬಾಗಿಲು ತೆರೆದಿಡುತ್ತೇವೆ. ಹೊಸ್ತಿಲಲ್ಲಿ ದೀಪ, ಅಂಗಳದಲ್ಲಿ ರಂಗೋಲಿ, ಅಕ್ಕಪಕ್ಕದವರು ಅರಿಶಿನ ಕುಂಕುಮಕ್ಕೆ ಬಂದುಹೋಗುತ್ತಾರೆ. ಸದ್ದು ಶುರುವಾಗುವುದೂ ಅದೇ ಹೊತ್ತಿಗೆ.

ಬಾಗಿಲು ಮುಚ್ಚಿ ಎಂದು ಮನೆಯ ಹಿರಿಯರಿಗೆ ಹೇಳಲು ಹೋಗಬೇಡಿ, ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕ್ರಮ ಬದಲಿಸಿ. ಪ್ರಾಣಿಯನ್ನು ಒಳಕೋಣೆಗೆ ಬಿಟ್ಟು ಚಿಲಕ ಹಾಕಿದ ಮೇಲೆಯೇ ಮುಂಬಾಗಿಲು ತೆರೆಯಬೇಕು. ನಮ್ಮ ಮನೆಯಲ್ಲಿ ಅಮ್ಮ ಬಾಗಿಲ ಹತ್ತಿರ ನಿಂತು ‘ಕೆಂಚ ಒಳಗಾದ್ನಾ?’ ಎಂದು ಕೇಳುತ್ತಾರೆ. ‘ಆದ ಅಮ್ಮಾ’ ಎಂದು ಉತ್ತರ ಬರುವ ತನಕ ಹೊಸ್ತಿಲ ದೀಪ ಹಚ್ಚುವುದಿಲ್ಲ.

ಒಳಕೋಣೆಯ ಬಾಗಿಲಿಗೆ ‘ಒಳಗೆ ನಾಯಿ ಇದೆ, ತೆರೆಯಬೇಡಿ’ ಎಂದು ದೊಡ್ಡದಾಗಿ ಬರೆದು ಅಂಟಿಸಿ. ಬಚ್ಚಲು ಹುಡುಕುವ ನೆಂಟರೇ ಹೆಚ್ಚಾಗಿ ಆ ಬಾಗಿಲು ತೆರೆಯುವವರು. ಕೋಣೆಯ ಹೊಣೆ ಒಬ್ಬರದ್ದೇ ಇರಲಿ, ‘ಯಾರೋ ನೋಡಿಕೊಳ್ಳುತ್ತಾರೆ’ ಎಂದಾದರೆ ಯಾರೂ ನೋಡುವುದಿಲ್ಲ.

ಹಂತ 7: ಹಬ್ಬದ ದಿನಗಳ ಹೊತ್ತು

ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10 ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸಮಯ ಕಟ್ಟಿದೆ. ಅದನ್ನು ನಂಬಿಕೊಂಡು ಪ್ರಾಣಿಯ ದಿನಚರಿ ಹಾಕಬೇಡಿ. ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಸಿ ನಸುಕಿನ ಐದಕ್ಕೇ ಸರ ಹಚ್ಚುವ ಮನೆಗಳಿವೆ. ಬೆಳಗಿನ ವಾಕಿಂಗಿನಲ್ಲಿ ನಾಯಿ ತಪ್ಪಿಸಿಕೊಂಡ ಕಥೆಗಳೆಲ್ಲ ಅಂದಿನವೇ. ಅಂದು ಬೆಳಗಿನ ಗಲಾಟೆ ನಿಂತ ಮೇಲೆ, ಒಂಬತ್ತು ಹತ್ತರ ಸುಮಾರಿಗೆ ಕರೆದೊಯ್ಯಿರಿ. ‘ಹಸಿರು ಪಟಾಕಿ ತಾನೇ’ ಎಂದು ಮೈಮರೆಯಬೇಡಿ. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ತನಕ ಸದ್ದಿಗೆ ನಿಯಮದಲ್ಲೇ ಅವಕಾಶವಿದೆ.

ಸಂಜೆಯ ಲೆಕ್ಕ ಹೀಗೆ: ನಾಲ್ಕಕ್ಕೆ ಉದ್ದದ ವಾಕಿಂಗ್, ಎರಡು ಹಗ್ಗ ಹಾಕಿ. ಐದಕ್ಕೆ ಊಟ, ಸದ್ದು ಶುರುವಾದ ಮೇಲೆ ಹೆಚ್ಚಿನವು ತಟ್ಟೆ ಮುಟ್ಟುವುದಿಲ್ಲ. ಡಾಕ್ಟರು ಹೇಳಿದ ಹೊತ್ತಿಗೆ ಮಾತ್ರೆ, ನಡುಕ ಶುರುವಾದ ಮೇಲೆ ಕೊಟ್ಟ ಮಾತ್ರೆ ಅರ್ಧದಷ್ಟೂ ಕೆಲಸ ಮಾಡದು. ಐದೂವರೆಗೆ ಅಂಗಳದಲ್ಲಿ ಒಮ್ಮೆ ಮೂತ್ರಕ್ಕೆ. ಆರಕ್ಕೆ ಒಳಕೋಣೆ.

ಹಂತ 8: ಸದ್ದು ಶುರುವಾದ ಮೇಲೆ

ಮನೆಯವರಲ್ಲಿ ಒಬ್ಬರು ಹತ್ತಿರವಿರಲಿ. ಪ್ರತಿ ‘ಢಂ’ಗೂ ಒಂದು ತಿನಿಸು ಹಾಕಿ, ತಿನ್ನುವಷ್ಟು ಧೈರ್ಯ ಇರುವ ತನಕ.

‘ಹೆದರಿದಾಗ ಮುದ್ದು ಮಾಡಿದರೆ ಭಯ ಹೆಚ್ಚುತ್ತದೆ, ನೋಡದ ಹಾಗೆ ಇದ್ದುಬಿಡಿ’ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಇದು ತಪ್ಪು. ಭಯ ಎಂಬುದು ಬಹುಮಾನಕ್ಕೆ ಮಾಡುವ ಆಟವಲ್ಲ. ಮಡಿಲಿಗೆ ಬಂದರೆ ತಬ್ಬಿಕೊಳ್ಳಿ, ಕಿವಿಯ ಹಿಂದೆ ನಿಧಾನವಾಗಿ ಸವರಿ, ಎಂದಿನ ದನಿಯಲ್ಲಿ ಮಾತಾಡಿ. ಬರದೆ ಮೂಲೆ ಹಿಡಿದರೆ ಎಳೆದು ಹೊರಗೆ ತರಬೇಡಿ, ಬೆಕ್ಕನ್ನಂತೂ ಮುಟ್ಟಲೇಬೇಡಿ. ಬೈಯುವುದು, ಹೊಡೆಯುವುದು ಬೇಡವೇ ಬೇಡ, ಅಲ್ಲೇ ಮೂತ್ರ ಮಾಡಿಕೊಂಡರೂ ಸರಿ. ಕಿವಿಗೆ ಹತ್ತಿ ತುರುಕಬೇಡಿ, ಒಳಗೆ ಸಿಕ್ಕಿಕೊಂಡು ಇನ್ನೊಂದು ತೊಂದರೆ. ಮೆತ್ತನೆಯ ದುಪ್ಪಟಿಯನ್ನು ಎದೆಯ ಸುತ್ತ ಹಿತವಾಗಿ ಸುತ್ತಿದರೆ ಕೆಲವಕ್ಕೆ ನೆಮ್ಮದಿಯಾಗುತ್ತದೆ. ಕಿತ್ತುಹಾಕಲು ನೋಡಿದರೆ ಬಿಡಿ.

ಪಂಜರದ ಹಕ್ಕಿಗಳನ್ನು ಒಳಗೆ ತಂದು, ಮೂರು ಕಡೆ ಬಟ್ಟೆ ಹೊದಿಸಿ, ಒಂದು ಸಣ್ಣ ದೀಪ ಇಡಿ. ಪೂರ್ತಿ ಕತ್ತಲಲ್ಲಿ ಬೆದರಿ ಹಾರಿ ರೆಕ್ಕೆ ಮುರಿದುಕೊಳ್ಳುತ್ತವೆ. ಮೊಲ 12 ಗಂಟೆ ಏನೂ ತಿನ್ನದಿದ್ದರೆ ಅದೇ ತುರ್ತು. ಹಟ್ಟಿ ಇರುವ ಮನೆಯವರು ಬಲಿಪಾಡ್ಯಮಿಯ ಗೋಪೂಜೆಯಲ್ಲಿ ಅನ್ನ, ಕಡುಬು, ಬೆಲ್ಲವನ್ನು ಬುಟ್ಟಿಗಟ್ಟಲೆ ತಿನ್ನಿಸಬೇಡಿ. ಹೊಟ್ಟೆ ಹುಳಿಯಾಗಿ, ಉಬ್ಬರಿಸಿ ದನ ಸಾಯುವುದುಂಟು. ಶಾಸ್ತ್ರಕ್ಕೊಂದು ತುತ್ತು ಸಾಕು.

ಹಂತ 9: ಕಾಯಬಾರದ ಲಕ್ಷಣಗಳು

ನಡುಕ, ಏದುಸಿರು, ಜೊಲ್ಲು, ಅಡಗುವುದು ಇವು ಭಯದ ಲಕ್ಷಣಗಳು, ಸದ್ದು ನಿಂತು ಕೆಲವು ಗಂಟೆಗಳಲ್ಲಿ ಇಳಿಯಬೇಕು. ಕೆಳಗಿನವು ಕಂಡರೆ ಆಗಲೇ ಹೊರಡಿ.

ಒಸಡು ಬಿಳಿಚಿದ್ದು ಅಥವಾ ನೀಲಿಯಾದದ್ದು. ಕುಸಿದು ಬಿದ್ದದ್ದು. ಫಿಟ್ಸ್. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಉಸಿರಾಡುವುದು. ಮತ್ತೆ ಮತ್ತೆ ವಾಂತಿ. ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು: ಗಂಡು ಬೆಕ್ಕು ಪದೇ ಪದೇ ಮರಳಿನ ತಟ್ಟೆಗೆ ಹೋಗಿ ಕುಳಿತು ತಿಣುಕುತ್ತಿದೆ, ಒಂದು ಹನಿಯೂ ಬರುತ್ತಿಲ್ಲ. ಮನೆಯವರು ಮಲಬದ್ಧತೆ ಎಂದುಕೊಂಡು ಹಾಲು, ಎಣ್ಣೆ ಕುಡಿಸುತ್ತಾರೆ. ಅದು ಮೂತ್ರ ಕಟ್ಟಿರುವುದು. ಹೆದರಿಕೆಯ ಒತ್ತಡದಿಂದ ಹಬ್ಬದ ಮರುದಿನ, ಅದರ ಮರುದಿನ ಶುರುವಾಗಬಹುದು, ಬಿಟ್ಟರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ರಾತ್ರಿಯಾದರೂ ಎಬ್ಬಿಸಿ ತೋರಿಸಬೇಕಾದ ಕಾಯಿಲೆ ಇದು.

ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರು, ಕನಿಷ್ಠ ಹತ್ತು ನಿಮಿಷ. ಅರಿಶಿನ, ತುಪ್ಪ, ಟೂತ್‌ಪೇಸ್ಟ್, ಐಸ್ ಬೇಡ. ವಿಷ ತಿಂದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಕೊಲ್ಲಬಹುದು. ಸೀಮೆಎಣ್ಣೆ ಕುಡಿದಿದ್ದರಂತೂ ವಾಂತಿ ಮಾಡಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಏನು, ಎಷ್ಟು, ಯಾವಾಗ ಎಂಬ ಮೂರು ಉತ್ತರ ಹಿಡಿದು ಡಾಕ್ಟರಿಗೆ ಫೋನ್ ಮಾಡಿ. ನಾಯಿ ಯಾರನ್ನಾದರೂ ಕಚ್ಚಿದರೆ ಗಾಯವನ್ನು ಸೋಪುನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ.

ಹಬ್ಬದ ಮೂರೂ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ಒಂದು ವಾರ ಮುಂಚೆಯೇ ಫೋನ್ ಮಾಡಿ ಕೇಳಿ, ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ, ಹಬ್ಬದ ರಜೆಯ ಸಮಯ ಕೇಳಿಕೊಳ್ಳಿ. ಹಳ್ಳಿಗಳಲ್ಲಿ ಜಾನುವಾರಿಗೆ ಪಶು ಸಂಜೀವಿನಿ ವಾಹನದ ಸಹಾಯವಾಣಿ 1962.

ಹಂತ 10: ತಪ್ಪಿಸಿಕೊಂಡರೆ

ಓಡುವ ನಾಯಿಯ ಹಿಂದೆ ಕೂಗುತ್ತ ಓಡಬೇಡಿ, ಅದು ಇನ್ನೂ ದೂರ ಹೋಗುತ್ತದೆ. ಕಣ್ಣಿಗೆ ಕಾಣುತ್ತಿದ್ದರೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ತಿನಿಸಿನ ಕವರ್ ಸದ್ದು ಮಾಡಿ. ಕಾಣದಿದ್ದರೆ ಮನೆಯಲ್ಲಿ ಒಬ್ಬರು ಗೇಟು ತೆರೆದಿಟ್ಟುಕೊಂಡು ಇರಲಿ, ತಾನಾಗಿ ಬರುವವೂ ಇವೆ. ಫೋಟೋ, ಬೀದಿಯ ಹೆಸರು, ಫೋನ್ ನಂಬರನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿಗೆ, ಹತ್ತಿರದ ಎಲ್ಲ ಕ್ಲಿನಿಕ್ಕುಗಳಿಗೆ ಕಳಿಸಿ. ಪೌರಕಾರ್ಮಿಕರನ್ನು, ಹಾಲು, ಪೇಪರ್ ಹಾಕುವವರನ್ನು ನಸುಕಿನಲ್ಲೇ ಕೇಳಿ, ಊರನ್ನು ಮೊದಲು ನೋಡುವವರು ಅವರು.

ಬೆಕ್ಕು ಹೆಚ್ಚಾಗಿ ದೂರ ಹೋಗುವುದಿಲ್ಲ. ನಾಲ್ಕೈದು ಮನೆಯೊಳಗೆ ಕಾರಿನಡಿ, ಸಂಪಿನ ಪಕ್ಕ, ಮೆಟ್ಟಿಲ ಕೆಳಗೆ ಸದ್ದಿಲ್ಲದೆ ಕೂತಿರುತ್ತದೆ, ಕರೆದರೂ ಉತ್ತರ ಕೊಡುವುದಿಲ್ಲ. ರಾತ್ರಿ ಒಂದರ ಮೇಲೆ, ಸದ್ದು ಅಡಗಿದಾಗ, ಟಾರ್ಚನ್ನು ನೆಲಮಟ್ಟದಲ್ಲಿ ಬಿಟ್ಟು ಹುಡುಕಿ. ಹೊಳೆಯುವ ಕಣ್ಣು ಮೊದಲು ಕಾಣುತ್ತದೆ.

ಹಂತ 11: ಮರುದಿನದ ಬೆಳಗು, ಮತ್ತೆ ಹನ್ನೆರಡು ದಿನ

ನಾಯಿಯನ್ನು ಹೊರಗೆ ಬಿಡುವ ಮೊದಲು ಅಂಗಳ, ಟೆರೇಸ್ ಗುಡಿಸಿ. ಸಿಡಿಯದೆ ಉಳಿದ ಪಟಾಕಿಯನ್ನು ಬಕೆಟಿನ ನೀರಿನಲ್ಲಿ ಮುಳುಗಿಸಿ. ಒಳಗಿನ ಮದ್ದು ತಿಂದರೆ ವಿಷ. ಸುರುಸುರು ಬತ್ತಿಯ ಕಡ್ಡಿಗಳಿಗೆ ರಾತ್ರಿಯೇ ಬೇರೆ ಬಕೆಟ್ ಇಟ್ಟಿದ್ದರೆ ಒಳ್ಳೆಯದು, ಆರಿದಂತೆ ಕಂಡರೂ ಬಹಳ ಹೊತ್ತು ಸುಡುತ್ತವೆ. ವಾಕಿಂಗ್ ಮುಗಿಸಿ ಬಂದ ಮೇಲೆ ಪಾದ ತೊಳೆದು, ಬೆರಳ ಸಂದಿಗಳನ್ನು ಬಿಡಿಸಿ ನೋಡಿ. ಗಾಜು, ತಂತಿ, ಸುಟ್ಟ ಗಾಯ ಅಲ್ಲೇ ಇರುತ್ತದೆ. ಬೀದಿನಾಯಿಗಳಿಗೆ ಗೇಟಿನ ಹೊರಗೆ ಒಂದು ಬಟ್ಟಲು ನೀರಿಡಿ. ರಾತ್ರಿಯೆಲ್ಲ ಓಡಿ ಸುಸ್ತಾಗಿರುತ್ತವೆ, ತಮ್ಮ ಬೀದಿ ಬಿಟ್ಟು ಬಂದ ಹೊಸಬವೂ ಇರಬಹುದು. ಕೊರಳಲ್ಲಿ ಬೆಲ್ಟು ಕಂಡರೆ ಫೋಟೋ ತೆಗೆದು ಗುಂಪಿಗೆ ಹಾಕಿ.

ಬಲಿಪಾಡ್ಯಮಿಗೇ ಎಲ್ಲ ಮುಗಿಯಿತು ಎಂದುಕೊಂಡವರ ನಾಯಿ ಉತ್ಥಾನ ದ್ವಾದಶಿಯಂದು ಓಡಿಹೋಗುತ್ತದೆ. ಉಳಿದ ಪಟಾಕಿಯೆಲ್ಲ ತುಳಸಿ ಪೂಜೆಯ ಸಂಜೆ ಹೊರಬರುತ್ತದೆ. ಆ ತನಕ ಎರಡು ಹಗ್ಗ ಹಾಗೇ ಇರಲಿ, ಒಳಕೋಣೆಯ ಪರದೆ ಇಳಿಸಬೇಡಿ. ಪೂಜೆಯ ಮರುದಿನ ಬೆಲ್ಟು ಬಿಚ್ಚಿ, ತೊಳೆದು ಒಣಗಲು ಹಾಕಿ, ಕೊರಳ ಸುತ್ತ ಚರ್ಮ ಕೆಂಪಾಗಿದೆಯೇ ನೋಡಿ. ಒಣಗಿದ ಮೇಲೆ, ಎರಡು ಬೆರಳು ಹೋಗುವಷ್ಟು ಬಿಟ್ಟು, ಅದನ್ನೇ ಮತ್ತೆ ಹಾಕಿ.